ಸುಡದ ಕಾಲು

ಕೊಂಡ ಸುಡುತ್ತದೆ. ಇದು ನಮ್ಮ ಮನೆತನದ ಗುಟ್ಟು.

ನಮ್ಮೂರು ಕೈಲಾಂಚ ಹೋಬಳಿಯ ಒಂದು ಸಣ್ಣ ಹಳ್ಳಿ. ವರ್ಷಕ್ಕೊಮ್ಮೆ ಮಾರಮ್ಮನ ಗುಡಿಯ ಮುಂದೆ ಉದ್ದನೆಯ ಗುಂಡಿ ತೋಡಿ, ಮನೆಗೊಂದು ಹೊರೆ ಸೌದೆ ತಂದು ಉರಿಸಿ, ಕೆಂಡದ ಮೇಲೆ ಬರಿಗಾಲಲ್ಲಿ ನಡೆಯುತ್ತೇವೆ. ಅದೇ ಕೊಂಡ. ಮೊದಲ ಹೆಜ್ಜೆಯ ಹಕ್ಕು ತಲೆತಲಾಂತರದಿಂದ ಪೂಜಾರಿ ಮನೆಯದು, ಅಂದರೆ ನಮ್ಮದು. ಭಕ್ತಿಯಿದ್ದವನಿಗೆ ಕೆಂಡ ಹೂವಾಗುತ್ತದೆ ಎಂಬುದು ಊರಿನ ನಂಬಿಕೆ. ನಮ್ಮಪ್ಪ ಮಾತ್ರ ನನ್ನನ್ನು ಮೊದಲ ಸಲ ಕೊಂಡಕ್ಕಿಳಿಸುವ ಮುನ್ನ ಹಿತ್ತಲಿಗೆ ಕರೆದೊಯ್ದು ಹೇಳಿದ್ದ:

"ನೋಡ್ಲಾ ಮಗ, ಸುಡ್ತದೆ. ಬಾಯ್ ಬುಡಬ್ಯಾಡ. ಆ ಉರಿ ತಡ್ಕೊಳ್ಳೋದೇ ಅಮ್ಮಂಗೆ ನಾವ್ ಕೊಡೋದು. ಅದು ಬುಟ್ರೆ ನಮ್ತಾವ ಇನ್ನೇನೈತ್ಲಾ ಕೊಡಾಕೆ?"

ಕೊಂಡ ಹಾಯ್ದ ಮೇಲೆ ಮೂರು ದಿನ ಅಪ್ಪ ಮಗ ಇಬ್ಬರೂ ಅಂಗಾಲಿಗೆ ಹರಳೆಣ್ಣೆ ಸವರಿಕೊಂಡು ಹಿಮ್ಮಡಿಯ ಮೇಲೆ ನಡೆಯುತ್ತಿದ್ದೆವು. ಕೇಳಿದವರಿಗೆ ಸೊಂಟ ಉಳುಕಿದೆ ಎನ್ನುತ್ತಿದ್ದೆವು. ಕೊಂಡದ ಮಾರನೆಯ ದಿನ ಪೂಜಾರಿ ಮನೆಯವರ ಸೊಂಟ ಉಳುಕುವುದು ನಮ್ಮೂರಿನ ಪುರಾತನ ಸಂಪ್ರದಾಯಗಳಲ್ಲಿ ಒಂದು.

ಇಷ್ಟೆಲ್ಲ ಗೊತ್ತಿದ್ದವನು, ಆ ವರ್ಷ ಕೊಂಡ ಸುಡದೇ ಹೋದಾಗ ಹೆದರಿ ಡಾಕ್ಟರ ಹತ್ತಿರ ಓಡಬೇಕಿತ್ತು. ನಾನು ಓಡಲಿಲ್ಲ. ಹೆಮ್ಮೆಪಟ್ಟೆ.

ನನ್ನ ಇನ್ನೊಂದು ಅವತಾರವನ್ನೂ ಇಲ್ಲೇ ಹೇಳಿಬಿಡಬೇಕು. ಸಂಜೆ ಅಮ್ಮನಿಗೆ ಮಂಗಳಾರತಿ ಎತ್ತುವ ಇದೇ ಕೈ ಬೆಳಗ್ಗೆ ಊರಿನ ಹಾಲಿನ ಡೈರಿಯಲ್ಲಿ ಲ್ಯಾಕ್ಟೋಮೀಟರ್ ಹಿಡಿಯುತ್ತಿತ್ತು. ನಾನು ಡೈರಿ ಸೆಕ್ರೆಟರಿ. ಕ್ಯಾನಿಗೆ ಸುರಿಯುವ ಮೊದಲು ಒಬ್ಬೊಬ್ಬರ ಹಾಲನ್ನೂ ಗಾಜಿನ ಕೊಳವೆಗೆ ಹಾಕಿ ಆ ಉಪಕರಣವನ್ನು ಅದರಲ್ಲಿ ತೇಲಿಬಿಡುವುದು. ಹಾಲು ಹಾಲಾಗಿದ್ದರೆ ಅದು ತಲೆಯೆತ್ತಿ ನಿಲ್ಲುತ್ತದೆ. ನೀರು ಬೆರೆತಿದ್ದರೆ ನಾಚಿಕೊಂಡಂತೆ ಮುಳುಗುತ್ತದೆ. ಮುಳುಗಿದರೆ ನಾನು ಸಾಲಿನಲ್ಲಿ ನಿಂತ ಅಷ್ಟೂ ಜನಕ್ಕೆ ಕೇಳುವಂತೆ "ನೀರೈತೆ" ಎನ್ನುತ್ತಿದ್ದೆ. ಪಿಸುಗುಟ್ಟಬಹುದಿತ್ತು. ಆದರೆ ಪಿಸುಗುಟ್ಟಿದ ಸತ್ಯಕ್ಕೂ ನೀರು ಬೆರೆಯುತ್ತದೆ ಎಂಬುದು ನನ್ನ ಸಿದ್ಧಾಂತವಾಗಿತ್ತು. ಈ ಸಿದ್ಧಾಂತದಿಂದ ನನಗೆ ಊರಲ್ಲಿ ಬಹಳ ಗೌರವವೂ ಇತ್ತು, ಕೆಲವೇ ಕೆಲವು ಸ್ನೇಹಿತರೂ ಇದ್ದರು. ಒಂಟಿ ಹಸುವಿನ ನಿಂಗಮ್ಮಜ್ಜಿಗೆ ಹಾಗೆ ಒಮ್ಮೆ ಹೇಳಿದ್ದಕ್ಕೆ ಆಕೆ ಎರಡು ವರ್ಷ ಹಾಲು ಮಾತ್ರ ಹಾಕಿದಳು, ಮಾತಾಡಲಿಲ್ಲ.

ರಾಮನಗರ ಜಿಲ್ಲೆಯಾಗಿ ಇನ್ನೂ ಹೊಸತು. ಮೈಸೂರು ರಸ್ತೆಯ ಉದ್ದಕ್ಕೂ ಫ್ಯಾಕ್ಟರಿಗಳು ಏಳುತ್ತಿದ್ದ ಕಾಲ. ಮುಂಜಾನೆ ಡೈರಿಗೆ ಹಾಲು ತಂದ ಮನೆಗಳವರೇ ಅರ್ಧ ಗಂಟೆಯ ಬಳಿಕ ನೀಲಿ ಅಂಗಿ ತೊಟ್ಟು ಫ್ಯಾಕ್ಟರಿ ಬಸ್ಸಿಗೆ ಕಾಯುತ್ತಿದ್ದರು. ಈ ಹೊಸ ಕಾಲಕ್ಕೆ ನಮ್ಮೂರಿನ ಹೆಬ್ಬಾಗಿಲು ನನ್ನ ಹೆಂಡತಿ ಸಾಕಮ್ಮನ ತಮ್ಮ ಪುಟ್ಟಸ್ವಾಮಿ. ಜಮೀನು ಕೊಡಿಸುವುದು, ಬಿಡಿಸುವುದು, ಮಧ್ಯೆ ನಿಂತು ಮಾತಾಡುವುದು ಅವನ ವೃತ್ತಿ. ಬೇಸಿಗೆಯಲ್ಲೂ ತುಂಬುತೋಳಿನ ಬಿಳಿ ಅಂಗಿ, ಎಡಗೈಗೆ ಬಳೆಯಷ್ಟು ಅಗಲದ ಚಿನ್ನದ ಬಣ್ಣದ ವಾಚು. ಗುಡಿಯ ಕಮಿಟಿಗೂ ಅವನೇ ಅಧ್ಯಕ್ಷ. ಫ್ಯಾಕ್ಟರಿಯ ದೊಡ್ಡ ಅಧಿಕಾರಿಗಳನ್ನು ಕೊಂಡಕ್ಕೆ ಕರೆತಂದು, ಅವರಿಂದ ಗುಡಿಗೊಂದು ಮಂಟಪ ಕಟ್ಟಿಸಬೇಕೆಂಬುದು ಅವನ ಜೀವನದ ಆಸೆ.

ಆ ವರ್ಷ ಉಪವಾಸವಿದ್ದು, ಒದ್ದೆ ಪಂಚೆ ಉಟ್ಟು, ತಲೆಯ ಮೇಲೆ ಕಳಸ ಹೊತ್ತು ಕೊಂಡಕ್ಕಿಳಿದೆ. ಎಡಗಾಲು ಇಟ್ಟೆ, ಎಂದಿನಂತೆ ಪ್ರಾಣ ನೆತ್ತಿಗೇರಿತು. ಬಲಗಾಲು ಇಟ್ಟೆ, ಏನೂ ಆಗಲಿಲ್ಲ. ಮತ್ತೆ ಎಡಗಾಲು, ಉರಿ. ಮತ್ತೆ ಬಲಗಾಲು, ಒದ್ದೆ ನೆಲದ ಮೇಲಿಟ್ಟಂತೆ. ಅಮ್ಮ ಅರ್ಧ ಒಲಿದಿದ್ದಾಳೆ ಎಂದುಕೊಂಡೆ. ಇಷ್ಟು ವರ್ಷದ ಸೇವೆಗೆ ಒಂದು ಕಾಲನ್ನಾದರೂ ಸ್ವೀಕರಿಸಿದಳಲ್ಲ ಎಂದು ಕಣ್ಣಲ್ಲಿ ನೀರು ಬಂತು. ಆಮೇಲೆ ಮಾಡಿದ್ದನ್ನು ನೆನೆದರೆ ಈಗಲೂ ಮೈ ತಣ್ಣಗಾಗುತ್ತದೆ. ಕೊಂಡದ ನಟ್ಟನಡುವೆ ನಾನು ನಿಂತುಬಿಟ್ಟೆ. ಎಡಗಾಲನ್ನು ಎತ್ತಿ, ಬಲಗಾಲೊಂದರ ಮೇಲೆ ಭಾರ ಹಾಕಿ, ಎರಡೂ ಕೈಯಿಂದ ಕಳಸವನ್ನು ಮೇಲೆತ್ತಿದೆ. ಊರಿಗೆ ಊರೇ ಉಸಿರು ಬಿಗಿಹಿಡಿಯಿತು. ಪುಟ್ಟಸ್ವಾಮಿ ಕರೆಸಿದ್ದ ಫೋಟೋದವನು ಮಾತ್ರ ಉಸಿರು ಬಿಟ್ಟು ಫೋಟೋ ಹೊಡೆದ.

ಮಾರನೆಯ ದಿನ ನನ್ನ ಸೊಂಟ ಉಳುಕಲಿಲ್ಲ. ಎಡಗಾಲಿಗೆ ಎಣ್ಣೆ ಸವರಿ, ಬಲಗಾಲನ್ನು ದೇವರ ಪಾಲೆಂದು ಬಿಟ್ಟೆ.

ಐದನೆಯ ದಿನ ಬೆಳಗ್ಗೆ ಜಗಲಿಯಲ್ಲಿ ಕಾಲು ಚಾಚಿ ಕೂತು ಕಾಫಿ ಕುಡಿಯುತ್ತಿದ್ದೆ. ಒಳಗಿನಿಂದ ಸಾಕಮ್ಮ ಬಂದಳು. ನೆಲ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ನೆಲ ನೋಡಿದಳು.

"ಇದೇನಿದು, ಅಡಿಗೆ ಮನೆಯಿಂದ ಜಗಲಿ ಗಂಟ ಕುಂಕುಮ ಚೆಲ್ಲವ್ರೆ?"

ಅದು ಕುಂಕುಮವಾಗಿರಲಿಲ್ಲ. ಹೆಜ್ಜೆ ಬಿಟ್ಟು ಹೆಜ್ಜೆಗೆ ರಕ್ತ. ಬಲಗಾಲಿನದು ಮಾತ್ರ. ಅವಳು ನನ್ನ ಪಾದವನ್ನು ಮಡಿಲಿಗೆಳೆದುಕೊಂಡು ತಾಳಿಯಲ್ಲಿದ್ದ ಪಿನ್ನು ತೆಗೆದಳು. ನಾನು ಕಾಫಿ ಮುಂದುವರಿಸಿದೆ. ಬೀದಿಯಲ್ಲಿ ಹೋಗುತ್ತಿದ್ದವನಿಗೆ ಹಾಲಿನ ಬಟವಾಡೆ ಯಾವತ್ತು ಎಂದು ಕೂಗಿಯೂ ಹೇಳಿದೆ. ತಿರುಗಿ ನೋಡಿದರೆ ಸಾಕಮ್ಮನ ಅಂಗೈಯಲ್ಲಿ ಹುಣಸೆ ಬೀಜದಷ್ಟು ದೊಡ್ಡ ಇದ್ದಿಲ ಚೂರಿತ್ತು. ಅದನ್ನು ಅವಳು ನನ್ನ ಅಂಗಾಲಿನೊಳಗಿಂದ ಅಗೆದು ತೆಗೆದಿದ್ದಳು.

"ನೋವಾಗ್ಲಿಲ್ವಾ?" ಎಂದಳು.

"ಯಾವಾಗ?" ಎಂದೆ.

ಅವಳು ಆ ಇದ್ದಿಲನ್ನು ನನ್ನ ಅಂಗೈಯಲ್ಲಿಟ್ಟಳು.

ಗಾಯ ವಾಸಿಯಾಗಲಿಲ್ಲ. ಹತ್ತಿರದ ದವಾಖಾನೆಯಲ್ಲಿ ಮುಲಾಮು ಹಚ್ಚಿದರು, ಪಟ್ಟಿ ಕಟ್ಟಿದರು, ಸೂಜಿ ಚುಚ್ಚಿದರು. ಸಕ್ಕರೆ ಕಾಯಿಲೆಯಿರಬೇಕೆಂದು ರಕ್ತ ಪರೀಕ್ಷೆ ಮಾಡಿಸಿದರು. ಇರಲಿಲ್ಲ. ನಿಜ ಹೇಳಬೇಕೆಂದರೆ ನನಗೆ ಬೇಸರವಾಯಿತು. ಸಕ್ಕರೆ ಕಾಯಿಲೆ ಎಷ್ಟು ಮರ್ಯಾದಸ್ಥ ಕಾಯಿಲೆ! ಮದುವೆ ಮನೆಯಲ್ಲಿ ಲಾಡು ಬೇಡವೆಂದು ಕೈ ಅಡ್ಡ ಹಿಡಿದು, ನಾಲ್ಕು ಜನರೆದುರು ಅದರ ಹೆಸರು ಹೇಳಿಕೊಳ್ಳಬಹುದು. ಹೀಗೆ ಒಣಗುವುದು, ಮತ್ತೆ ಒಡೆಯುವುದರಲ್ಲಿ ಹತ್ತು ತಿಂಗಳು ಕಳೆದವು. ಮೊಣಕಾಲಿನ ಕೆಳಗೆ ಅಂಗೈಯಗಲದ ಒಂದು ಮಾಸಲು ಮಚ್ಚೆ ಇದ್ದುದನ್ನು ಸಾಕಮ್ಮ ತೋರಿಸಿದಳು. ಅದು ಯಾವಾಗಿನಿಂದಲೋ ಇತ್ತು. ತುರಿಸುತ್ತಿರಲಿಲ್ಲ, ನೋಯುತ್ತಿರಲಿಲ್ಲ. ತೊಂದರೆ ಕೊಡದವರನ್ನು ಯಾರು ತಾನೇ ವಿಚಾರಿಸುತ್ತಾರೆ?

ಕೊನೆಗೆ ಸಾಕಮ್ಮ ಹಟ ಹಿಡಿದು ರಾಮನಗರದ ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದಳು. ಚೀಟಿ ಮಾಡಿಸಿ ಬೆಂಚಿನ ಮೇಲೆ ಕೂತೆವು. ನಮ್ಮ ಪಕ್ಕದಲ್ಲಿ ರೇಷ್ಮೆ ಬಿಚ್ಚುವ ಕೆಲಸದ ಒಬ್ಬಾಕೆ ಬಿಸಿನೀರಲ್ಲಿ ಬೆಂದು ಸುಕ್ಕಾದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂತಿದ್ದಳು. ಎದುರು ಗೋಡೆಯ ಮೇಲೆ, ಕುಷ್ಠರೋಗ ಇನ್ನೇನು ದೇಶ ಬಿಟ್ಟು ಹೋಗಿಯೇಬಿಟ್ಟಿತು ಎಂಬರ್ಥದ ಬರಹವಿತ್ತು. ಹೊತ್ತು ಹೋಗದೆ ಅದನ್ನು ಎರಡು ಸಲ ಓದಿ, ಒಳ್ಳೆಯದೇ ಆಯಿತು ಎಂದುಕೊಂಡೆ.

ನನ್ನನ್ನು ಒಂದು ಚಿಕ್ಕ ಕೋಣೆಗೆ ಕಳಿಸಿದರು. ಅಲ್ಲಿ ನನ್ನ ವಯಸ್ಸಿನವರೇ ಆದ ಒಬ್ಬ ಹಿರಿಯ ಆರೋಗ್ಯ ಸಿಬ್ಬಂದಿ. ಜೇಬಿನಿಂದ ಬರೆಯುವ ಪೆನ್ನು ತೆಗೆದರು.

"ಕಣ್ಮುಚ್ಕೊಳ್ಳಿ ಯಜಮಾನ್ರೇ. ನಾನು ಕಾಲ್ಮೇಲೆ ಎಲ್ಲೆಲ್ಲಿ ಮುಟ್ತೀನೋ ಅಲ್ಲಲ್ಲಿ ಬೆರಳಿಟ್ಟು ತೋರ್ಸಿ."

ಎಡಗಾಲಿನ ಮೇಲೆ ಮುಟ್ಟಿದರು. ತೋರಿಸಿದೆ. ಇನ್ನೊಂದು ಕಡೆ, ತೋರಿಸಿದೆ. ಶಾಲೆಯಲ್ಲಿ ಮಗ್ಗಿ ಒಪ್ಪಿಸಿದ ಉತ್ಸಾಹ. "ಈಗ ಬಲಗಾಲು" ಎಂದರು. ನಾನು ಬೆರಳು ಸಿದ್ಧಮಾಡಿಕೊಂಡು ಕಾದೆ. ಹೊರಗೆ ರೈಲು ಹೋದ ಸದ್ದು. ಯಾರೋ ಕೆಮ್ಮಿದರು. ಇನ್ನೂ ಕಾದೆ. ಸರ್ಕಾರಿ ಕೆಲಸ, ಪೆನ್ನಿಗೆ ಏನೋ ಆಗಿರಬೇಕು ಎಂದುಕೊಂಡೆ.

"ಶುರು ಮಾಡಿ ಸಾರ್" ಎಂದೆ.

ಕಣ್ಣು ಬಿಟ್ಟೆ. ಅವರು ಪೆನ್ನಿಗೆ ಕ್ಯಾಪು ಹಾಕುತ್ತಿದ್ದರು. ನನ್ನ ಬಲಗಾಲಿನ ಮೇಲೆ ಪಾದದಿಂದ ಮೊಣಕಾಲಿನವರೆಗೆ ನೀಲಿ ಚುಕ್ಕೆಗಳು. ಎಣಿಸಿದೆ. ಹನ್ನೊಂದು.

"ಆಯ್ತಲ್ಲ ಯಜಮಾನ್ರೇ" ಎಂದರು ಮೆಲ್ಲಗೆ.

ಮಗುವಾಗಿದ್ದಾಗಿನಿಂದ ನನ್ನ ಜೊತೆಗೇ ಇದ್ದ ಕಾಲು. ನನ್ನ ಬೆನ್ನ ಹಿಂದೆ ಅದು ಯಾವಾಗಲೋ ಹೊರಟುಹೋಗಿತ್ತು. ಬರೀ ಆಕಾರವನ್ನು ಬಿಟ್ಟುಹೋಗಿತ್ತು. ಆ ಹನ್ನೊಂದು ಚುಕ್ಕೆಗಳನ್ನು ನೋಡಿದಾಗ ಆದ ಆಘಾತ ಆಮೇಲೆ ರೋಗದ ಹೆಸರು ಕೇಳಿದಾಗಲೂ ಆಗಲಿಲ್ಲ.

ಹೆಸರು ಹೇಳಿದವರು ಒಬ್ಬ ಚಿಕ್ಕವಯಸ್ಸಿನ ಡಾಕ್ಟರಮ್ಮ. ನನ್ನ ಗಾಯದ ಕಾಲನ್ನು ಬರಿಗೈಯಲ್ಲಿ ಹಿಡಿದು, ಮೊಣಕಾಲ ಪಕ್ಕದ ನರವನ್ನು ಒತ್ತಿ ನೋಡಿ, ಹಿಡಿದ ಕಾಲನ್ನು ಬಿಡದೆಯೇ "ಇದು ಕುಷ್ಠ ಕಣಪ್ಪ" ಎಂದರು. ಗೋಡೆಯ ಬರಹ ನೆನಪಾಯಿತು. ದೇಶ ಬಿಟ್ಟು ಹೊರಟ ರೋಗ ದಾರಿಯಲ್ಲಿ ನಮ್ಮೂರಲ್ಲಿ ಇಳಿದುಕೊಂಡಿತ್ತು.

"ಗುಣ ಆಗುತ್ತೆ. ಹನ್ನೆರಡು ತಿಂಗಳು ಮಾತ್ರೆ, ಒಂದು ದಿನಾನೂ ತಪ್ಪಿಸಬಾರದು. ಮಾತ್ರೆ ಶುರುವಾದ ಮೇಲೆ ನಿಮ್ಮಿಂದ ಯಾರಿಗೂ ಹರಡಲ್ಲ. ಆದರೆ ಸತ್ತ ನರ ಎದ್ದು ಬರುತ್ತೆ ಅಂತ ಮಾತು ಕೊಡೋಕಾಗಲ್ಲ. ಬರಿಗಾಲಲ್ಲಿ ನಡೀಬೇಡಿ. ಬಿಸಿ ಹತ್ತಿರ ಹೋಗಲೇಬೇಡಿ."

"ಕೊಂಡ?" ಎಂದೆ.

ಅವರು ನನ್ನ ಅಂಗಾಲನ್ನೇ ನೋಡಿದರು. "ಇನ್ನೊಂದು ಸಲ ಹಾಯ್ದರೆ ಕಾಲು ತೆಗೀಬೇಕಾಗಬಹುದು" ಎಂದರು.

ಅವರು ಹೇಳಿದ್ದರಲ್ಲಿ ನನಗೆ ಪೂರ್ತಿ ನೆನಪಿರುವುದು ಇಷ್ಟೇ. ಆದರೆ ಆ ಹೆಸರನ್ನು ಹೇಳುವಾಗ ಅವರ ಕೈ ನನ್ನ ಕಾಲ ಮೇಲೆಯೇ ಇತ್ತು ಎಂಬುದು ಮಾತ್ರ ಚೆನ್ನಾಗಿ ನೆನಪಿದೆ. ಮುಟ್ಟಿದ್ದು ಆ ಕಾಲಿಗೆ ತಿಳಿಯಲಿಲ್ಲ. ನನಗೆ ತಿಳಿಯಿತು.

ಮನೆಗೆ ಬಂದು ಊಟಕ್ಕೆ ಕೂತೆ. ನಮ್ಮ ಮನೆಯಲ್ಲಿ ಹಳೇ ಕಾಲದ ಒಂದು ಅಭ್ಯಾಸ: ನಾನು ಉಂಡ ತಟ್ಟೆಯಲ್ಲೇ ಸಾಕಮ್ಮ ಉಣ್ಣುವುದು. ಎಷ್ಟು ಸಲ ಬೇಡವೆಂದರೂ ಬಿಟ್ಟವಳಲ್ಲ. ಅವತ್ತು ಉಂಡವನೇ ತಟ್ಟೆಯನ್ನು ಬಚ್ಚಲಿಗೆ ತಳ್ಳಿದೆ. ಅವಳು ಎದ್ದುಹೋಗಿ ತಟ್ಟೆಯನ್ನು ತಂದಳು. ಮುದ್ದೆ ಇಟ್ಟುಕೊಂಡು, ಸಾರು ಬಿಟ್ಟುಕೊಂಡು, ನನ್ನನ್ನು ನೋಡದೆ ಉಂಡಳು. ಉಂಡು ಮುಗಿಸಿದ ಮೇಲೆ ಅವಳು ಹೇಳಿದ್ದು ಒಂದೇ ಮಾತು:

"ಮೂವತ್ತು ವರ್ಸ ಇಲ್ದಿದ್ ಮಡಿ ಈಗ್ಯಾಕೆ?"

ಮಾತ್ರೆಯ ಹಾಳೆಗಳನ್ನು ಅವಳೇ ದೇವರ ಗೂಡಿನಲ್ಲಿಟ್ಟಳು. ಆ ಮಾತ್ರೆಗಳಿಂದ ಉಚ್ಚೆ ಕೆಂಪಾಯಿತು, ಮೈ ಕಪ್ಪಾಗತೊಡಗಿತು. ಗುಡಿಗೆ ಬಂದವರು, "ಪೂಜಾರಪ್ಪಂಗೆ ಈ ವರ್ಸ ತಪಸ್ಸು ಜೋರಾಗೈತೆ, ಮೈಬಣ್ಣವೇ ಅಮ್ಮನ ಬಣ್ಣ ಆಗ್ತಾ ಐತೆ" ಎಂದು ಕೈಮುಗಿದರು. ನಾನು ಮಂಗಳಾರತಿ ತಟ್ಟೆಯನ್ನು ಕೆಳಗಿಟ್ಟು, ತೀರ್ಥ ಕೊಡುವುದೋ ಬಿಡುವುದೋ ತಿಳಿಯದೆ ನಿಂತೆ. ಮುಟ್ಟಿದರೆ ಹರಡುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ಆದರೆ ಜನಕ್ಕೆ ಗೊತ್ತಿಲ್ಲದ್ದನ್ನು ಮುಚ್ಚಿಟ್ಟು ಅವರ ನಮಸ್ಕಾರವನ್ನು ತೆಗೆದುಕೊಳ್ಳುವುದಕ್ಕೆ ಡಾಕ್ಟರಮ್ಮನ ಶಾಸ್ತ್ರದಲ್ಲಿ ಏನು ಹೇಳಿದೆಯೋ ನಾನು ಕೇಳಿಬಂದಿರಲಿಲ್ಲ.

ಕೊಂಡಕ್ಕೆ ಹದಿನೈದು ದಿನವಿತ್ತು. ಬಸ್‌ಸ್ಟಾಪಿನಲ್ಲಿ ನನ್ನ ಫ್ಲೆಕ್ಸು ಎದ್ದಿತು. ಹೋದ ವರ್ಷದ ಫೋಟೋ. ಕೆಂಡದ ನಡುವೆ ಒಂಟಿಗಾಲಲ್ಲಿ ನಿಂತ ನಾನು. ಕೆಳಗೆ ದೊಡ್ಡಕ್ಷರದಲ್ಲಿ: ಅಗ್ನಿ ಸುಡದ ಪಾದ. ಫ್ಯಾಕ್ಟರಿ ಬಸ್ಸಿಗೆ ಕಾಯುವವರು ಅದರ ನೆರಳಲ್ಲಿ ನಿಲ್ಲುತ್ತಿದ್ದರು. ದಿನಾ ಡೈರಿಗೆ ಹೋಗುವಾಗ ನನ್ನನ್ನು ನಾನೇ ತಲೆಯೆತ್ತಿ ನೋಡಬೇಕಿತ್ತು.

ಪುಟ್ಟಸ್ವಾಮಿಯನ್ನು ಮನೆಗೆ ಕರೆಸಿ ಎಲ್ಲ ಹೇಳಿದೆ. ಸಾಕಮ್ಮ ಒಲೆಯಿಂದ ಆಗಷ್ಟೇ ಇಳಿಸಿದ ಟೀಯನ್ನು ಸ್ಟೀಲ್ ಲೋಟಕ್ಕೆ ಸುರಿದು, ಸೆರಗಿನಲ್ಲಿ ಹಿಡಿದು ತಂದಳು. "ಬಟ್ಟೆ ಇಡ್ಕಳ್ಳೋ, ಕಾದೈತೆ" ಎಂದಳು. ಅವನು ಬರಿಯ ಎಡಗೈಯಲ್ಲೇ ತೆಗೆದುಕೊಂಡ.

"ನಮ್ದು ಕಲ್ಲು ಕೈ ಬುಡಕ್ಕ." ಆಮೇಲೆ ನನ್ನ ಕಡೆ ತಿರುಗಿದ. "ಭಾವ, ಮಾತ್ರೆ ನುಂಗ್ತಾ ಇದ್ದೀಯಲ್ಲ. ಸುಮ್ಕೆ ನುಂಗು. ಊರ್ಗೆಲ್ಲಾ ಯಾಕ್ ಡಂಗುರ ಹೊಡೀತೀಯಾ?"

"ಕೊಂಡ ಹಾಯಾಕೆ ಆಗಾಕಿಲ್ಲ ಕಣೋ."

"ಆಗಾಕಿಲ್ವಾ? ಊರಲ್ಲಿ ಆಗೋನು ನೀನೊಬ್ನೇ! ಬೇರೆಯೋರ್ಗೆ ಎರಡ್ ಕಾಲೂ ಸುಡ್ತದೆ, ನಿಂಗೆ ಒಂದೇ. ಅರ್ಧಕ್ಕರ್ಧ ರಿಯಾಯ್ತಿ. ನಾಲ್ಕು ಹೆಜ್ಜೆ ಜೋರಾಗ್ ಓಡಿ ಬಂದ್ಬುಡು, ಆಮೇಲೆ ಎಷ್ಟ್ ಪಟ್ಟಿ ಬೇಕಾದ್ರೂ ಕಟ್ಸಣ."

"ಕಾಲು ಹೋಯ್ತದಂತೆ."

"ಸರಿ, ಸೊಂಟ ಉಳುಕೈತೆ ಅನ್ನು. ನಿಮ್ಮನೆ ಸೊಂಟ ಏನ್ ಊರ್ಗೆ ಹೊಸದಾ?" ಅವನ ದನಿ ಇಳಿಯಿತು. "ಆ ರೋಗದ ಹೆಸ್ರು ಮಾತ್ರ ಬಾಯಲ್ಲಿ ತರಬ್ಯಾಡ ಭಾವ. ನಿನ್ ಕೈಲಿ ಯಾರ್ ಹಾಲು ಅಳೆಸ್ಕಂತಾರೆ? ನಮ್ಮಕ್ಕನ್ನ ಕೊಳಾಯಿತಾವ ಸೇರುಸ್ತಾರಾ? ನಮ್ ಮನೆತನಕ್ಕೇ ಹೆಣ್ಣು ಕೊಡೋರು, ತರೋರು ನಿಂತೋಯ್ತಾರೆ. ಹೇಳುದ್ರೆ ಒಬ್ರಲ್ಲ, ಎಲ್ರೂ ಸಾಯ್ತೀವಿ."

ಹೇಳುವಾಗ ಅವನ ಮುಖ ಬೆಳ್ಳಗಾಗಿತ್ತು. ಅಕ್ಕನ ಮೇಲಿನ ಮಮತೆ ಎಂದುಕೊಂಡೆ.

ಅವನು ಹೇಳಿದ್ದು ಒಂದೊಂದೂ ನಿಜವಾಗುವಂಥದ್ದೇ. ಸೊಂಟದ ನೆಪ ಸುಲಭದ್ದು. ಅದರಲ್ಲಿ ನನಗೆ ವಂಶಪಾರಂಪರ್ಯ ಅನುಭವವೂ ಇತ್ತು. ಆದರೆ ಆ ನೆಪ ಹೇಳಿದರೆ ಫ್ಲೆಕ್ಸು ಹಾಗೇ ಉಳಿಯುತ್ತಿತ್ತು. ಸೊಂಟ ವಾಸಿಯಾಗಲೆಂದು ಊರು ಮುಂದಿನ ವರ್ಷಕ್ಕೆ ಕಾಯುತ್ತಿತ್ತು, ಆ ಕಾಲಿಗೆ ಕೈಮುಗಿಯುತ್ತಲೇ ಇರುತ್ತಿತ್ತು. ಅಪ್ಪ ಹಿತ್ತಲಲ್ಲಿ ಹೇಳಿದ ಮಾತು ಬೇರೆ: ಉರಿ ತಡೆದುಕೊಳ್ಳುವುದೇ ನಾವು ಕೊಡುವುದು. ಹೋದ ವರ್ಷ ಕೊಂಡದ ನಡುವೆ ನಿಂತು, ಕಳಸ ಎತ್ತಿ, ನಾನು ಅಮ್ಮನಿಗೆ ಕೊಟ್ಟಿದ್ದಾದರೂ ಏನು? ಊರಿನ ಹಾಲಿಗೆಲ್ಲ ಲ್ಯಾಕ್ಟೋಮೀಟರ್ ಬಿಟ್ಟವನು ಅಮ್ಮನಿಗೆ ಬರೀ ನೀರು ಸುರಿದು ಬಂದಿದ್ದೆ. ಅದನ್ನೇ ಜನ ಪವಾಡವೆಂದರು. ನಾನೂ ಹೌದೆಂದೆ.

ಅಮ್ಮ ನನ್ನ ಕೈಬಿಟ್ಟಳು ಎಂದು ಮಾತ್ರ ನನಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ. ಇದ್ದಿಲನ್ನು ಸಾಕಮ್ಮನ ಕೈಗೆ ಸಿಗುವಂತೆ ಇಟ್ಟವಳು ಅವಳೇ ಎಂದು ಈಗಲೂ ನಂಬಿದ್ದೇನೆ. ಅನುಮಾನವೆಲ್ಲ ನನ್ನ ಮೇಲೆಯೇ ಇತ್ತು.

ಕೊಂಡದ ಏರ್ಪಾಟಿಗೆಂದು ಊರು ಗುಡಿಯ ಮುಂದೆ ಸೇರಿದ ಸಂಜೆ ಎದ್ದು ನಿಂತೆ. ಭಾಷಣ ಬರೆದುಕೊಂಡು ಹೋಗಿದ್ದೆ. "ಮಹಾಜನಗಳೇ" ಎಂದು ಶುರುವಾಗುವ ಗಂಭೀರ ಭಾಷಣ. ಎದ್ದ ಮೇಲೆ ಅದರಲ್ಲಿ ಒಂದಕ್ಷರವೂ ಬಾಯಿಗೆ ಬರಲಿಲ್ಲ. ಪಂಚೆಯನ್ನು ಮೊಣಕಾಲಿಗೆ ಎತ್ತಿ ಮಚ್ಚೆ ತೋರಿಸಿದೆ.

"ಈ ಕಾಲು ಸುಡನಿಲ್ಲ ಅಂತ ನೀವು ಕೈಮುಗಿದ್ರಿ. ಇದಕ್ಕೆ ಸ್ಪರ್ಶ ಇಲ್ಲ. ಇದು ಕುಷ್ಠ. ರಾಮನಗರದಲ್ಲಿ ಮಾತ್ರೆ ಕೊಟ್ಟವ್ರೆ, ನುಂಗ್ತಾ ಇವ್ನಿ. ನನ್ನಿಂದ ಯಾರ್ಗೂ ಅಂಟಾಕಿಲ್ಲ ಅಂದವ್ರೆ. ಹೋದ್ ವರ್ಸದ್ದು ಪವಾಡ ಅಲ್ಲ. ಆ ಫ್ಲೆಕ್ಸು ತೆಗೆದ್ಬುಡಿ."

ನನ್ನ ಪಕ್ಕ ಕೂತಿದ್ದವರು ಯಾವಾಗ ಎದ್ದರೋ ತಿಳಿಯಲಿಲ್ಲ. ನೋಡುವಷ್ಟರಲ್ಲಿ ನನ್ನ ಸುತ್ತ ಒಂದು ಕಣದಷ್ಟು ಜಾಗ ಖಾಲಿಯಾಗಿತ್ತು. "ದೊಡ್ ರೋಗ" ಎಂದು ಯಾರೋ ಅಂದರು. "ಇದೇ ಕೈಲಿ ತೀರ್ಥ ಕೊಟ್ನಲ್ಲಪ್ಪೋ" ಎಂದು ಇನ್ನೊಬ್ಬರು. ಒಬ್ಬ ತಾಯಿ ಮಗುವಿನ ಹಣೆಯ ಮೇಲಿನ ವಿಭೂತಿಯನ್ನು ಸೆರಗಿನಲ್ಲಿ ಒರೆಸಿದಳು. ಅದು ನಾನು ಇಟ್ಟ ವಿಭೂತಿ. ಪುಟ್ಟಸ್ವಾಮಿ ಬೇಲಿಯ ಹತ್ತಿರ ನಿಂತಿದ್ದವನು ಬೈಕು ಹತ್ತಿ ಹೊರಟೇಹೋದ.

ಆ ಖಾಲಿ ಜಾಗವನ್ನು ದಾಟಿಕೊಂಡು ನಿಂಗಮ್ಮಜ್ಜಿ ಬಂದಳು. ನಡು ಬಗ್ಗಿದವಳು, ಬರಲು ಬಹಳ ಹೊತ್ತು ಹಿಡಿಯಿತು. ನನ್ನ ಮಚ್ಚೆಯನ್ನು ಹತ್ತಿರದಿಂದ ನೋಡಿದಳು.

"ನನ್ ಹಾಲಲ್ಲಿ ನೀರೈತೆ ಅಂತ ಹತ್ತು ಜನದ್ ಮುಂದೆ ಕೂಗಿದ್ದೆಯಲ್ಲ. ಅವತ್ತು ನಿಂಗೆ ಮಣ್ಣಾಕಿ ಶಾಪ ಹಾಕಿದ್ದೆ ಕಣಪ್ಪ."

"ತಾಗಿರಬೇಕು ಬುಡಜ್ಜಿ" ಎಂದೆ.

"ಥೂ ಬುಡ್ತು ಅನ್ನು! ಶಾಪಕ್ಕೆ ಅಷ್ಟ್ ಸಕ್ತಿ ಇದ್ದಿದ್ರೆ ನನ್ ಸೊಸೆ ಇಷ್ಟೊತ್ತಿಗೆ ಬದುಕಿರ್ತಿದ್ಲಾ?" ಯಾರೋ ತಡೆಯಲಾರದೆ ನಕ್ಕರು. ಅಜ್ಜಿ ನಗಲಿಲ್ಲ. "ಬೇರೆಯೋರ್ ನೀರು ಕೂಗೋದು ಸುಲಭ. ಇವತ್ತು ನಿಂದು ನೀನೇ ಕೂಗ್ದೆ. ಈಗ ನಂಗೂ ನಿಂಗೂ ಸರಿಹೋಯ್ತು."

ಹಾಗೆಂದು ಊರು ಕರಗಿ ನನ್ನನ್ನು ತಬ್ಬಿಕೊಂಡಿತು ಎಂದು ಬರೆದರೆ ಅದೂ ನೀರೇ. ಮಾರನೆಯ ಬೆಳಗ್ಗೆ ಡೈರಿಯ ಸಾಲಿನಲ್ಲಿ ನಿಂಗಮ್ಮಜ್ಜಿಯೊಬ್ಬಳೇ ಇದ್ದಳು. ಡೈರಿಯವರು ನನಗೆ ವಿಶ್ರಾಂತಿಯ ಅವಶ್ಯಕತೆಯಿದೆ ಎಂದು ನನ್ನ ಪರವಾಗಿ ನಿರ್ಣಯಿಸಿದರು. ಸಾಕಮ್ಮ ಕೊಳಾಯಿಗೆ ಹೋದರೆ ಉಳಿದ ಬಿಂದಿಗೆಗಳು ತಾವಾಗಿಯೇ ದೂರ ಸರಿಯುತ್ತಿದ್ದವು. ಅವಳು ಅದನ್ನು ನನಗೆ ಎಂದೂ ಹೇಳಲಿಲ್ಲ, ನಾನು ಜಗಲಿಯಿಂದ ನೋಡಿದೆ. ಎರಡು ತಿಂಗಳ ಬಳಿಕ ನಮ್ಮೂರಿನ ಕ್ಯಾನುಗಳು ನೀರು ಹಾಲೆಂದು ವಾಪಸು ಬರತೊಡಗಿದಾಗ ಡೈರಿಯವರೇ ಬಂದು, "ರೋಗಕ್ಕೇನು ಬುಡಿ, ವಾಸಿ ಆಗ್ತದೆ" ಎಂದು ನನ್ನನ್ನು ಕರೆದೊಯ್ದರು. ರೋಗದ ಭಯಕ್ಕಿಂತ ವಾಪಸು ಬಂದ ಹಾಲು ದೊಡ್ಡದು.

ಮೊದಲ ಹೆಜ್ಜೆಯ ಹಕ್ಕು ನನ್ನ ಚಿಕ್ಕಪ್ಪನ ಮಗ ಶಿವಲಿಂಗನಿಗೆ ಹೋಯಿತು. ಫ್ಯಾಕ್ಟರಿಯಲ್ಲಿ ಫಿಟ್ಟರು. ಅವನನ್ನು ಹಿತ್ತಲಿಗೆ ಕರೆದು, ಮಾರು ದೂರದಲ್ಲಿ ನಿಂತು ಹೇಳಿದೆ: "ಸುಡ್ತದೆ ಕಣ್ಲಾ. ಸುಡದೇ ಹೋದ್ರೆ ಮಾತ್ರ ನಂತಾವ ಬಾ." ಕೊಂಡದ ದಿನ ಆಸ್ಪತ್ರೆಯವರು ಕೊಟ್ಟ ದಪ್ಪ ರಬ್ಬರಿನ ಚಪ್ಪಲಿ ಹಾಕಿಕೊಂಡು ಹಗ್ಗದ ಆಚೆ ನಿಂತೆ. ಗುಡಿಯ ಅಂಗಳದಲ್ಲಿ ಚಪ್ಪಲಿ ಕೂಡದು, ನನಗೆ ಬರಿಗಾಲು ಕೂಡದು. ಅಲ್ಲಿಂದಲೇ ಕೈಮುಗಿದೆ. ಶಿವಲಿಂಗ ಹಲ್ಲು ಕಚ್ಚಿ ದಾಟಿದ. ಮಾರನೆಯ ದಿನ ಸೊಂಟ ಉಳುಕಿದೆಯೆಂದು ಫ್ಯಾಕ್ಟರಿಗೆ ರಜೆ ಹಾಕಿದ. ಸಂಪ್ರದಾಯ ಉಳಿಯಿತು.

ಈಗ ರೋಗ ಹೋಗಿ ಬಹಳ ಕಾಲವಾಯಿತು. ಕಾಲು ಹಿಂತಿರುಗಲಿಲ್ಲ. ದಿನಾ ಸಂಜೆ ಸಾಕಮ್ಮ ನನ್ನ ಅಂಗಾಲನ್ನು ಬೆಳಕಿಗೆ ಹಿಡಿದು, ಮುಳ್ಳಿದೆಯೇ, ಬಿರುಕಿದೆಯೇ, ಬೊಬ್ಬೆಯಿದೆಯೇ ಎಂದು ನೋಡುತ್ತಾಳೆ. ಡಾಕ್ಟರಮ್ಮನ ಆಜ್ಞೆ. ಮನೆಯಲ್ಲಿ ಇದಕ್ಕೆ ಪಾದಪೂಜೆ ಎಂದು ಹೆಸರು. ಮೈಮೇಲೆ ತುರಿಸದ, ನೋಯದ, ಯಾವ ತಂಟೆಗೂ ಬಾರದ ಸಾಧು ಮಚ್ಚೆಯೇನಾದರೂ ಇದ್ದರೆ ನೀವು ನನ್ನಂತೆ ಅದನ್ನು ಗೌರವಿಸಬೇಡಿ. ತೋರಿಸಿ.

ಇನ್ನೊಂದು ದಿನದ ಮಾತು ಉಳಿದಿದೆ. ಶಿವಲಿಂಗ ಹಾಯ್ದ ಆ ಕೊಂಡ ಕಳೆದು ನಾಲ್ಕನೆಯ ದಿನ, ಅವತ್ತಿನವರೆಗೆ ನಮ್ಮ ಬೀದಿಗೇ ಬರದಿದ್ದ ಪುಟ್ಟಸ್ವಾಮಿ ಬಂದ. ಬೈಯುತ್ತಾನೆಂದು ಸಾಕಮ್ಮ ಬಾಗಿಲಿಗೆ ಅಡ್ಡ ನಿಂತಳು. ಅವನು ಜಗಲಿಯ ಮೇಲೆ ಕೂತು ವಾಚು ಬಿಚ್ಚಿದ. ತುಂಬುತೋಳನ್ನು ಮೇಲೆ ಸರಿಸಿದ. ವಾಚಿನ ಕೆಳಗಿನಿಂದ ಮೊಣಕೈಯವರೆಗೆ ಒಂದು ಮಾಸಲು ಮಚ್ಚೆ. ಅಂಚಿನಲ್ಲಿ ಸುಟ್ಟು ಒಣಗಿದ ಕಲೆಗಳು.

"ಎಷ್ಟ್ ವರ್ಸ ಆಯ್ತೋ?" ಎಂದೆ.

"ವಾಚು ತಗೊಂಡಾಗಿಂದ" ಎಂದ.

ಸಾಕಮ್ಮ ಬಾಗಿಲು ಬಿಟ್ಟು ಅವನ ಪಕ್ಕ ಬಂದು ಕೂತಳು. ಒಲೆಯಿಂದ ಇಳಿಸಿದ ಲೋಟವನ್ನು ಅವನು ಬರಿಗೈಯಲ್ಲಿ ಹಿಡಿದದ್ದು ನಮ್ಮಿಬ್ಬರಿಗೂ ಒಟ್ಟಿಗೇ ನೆನಪಾಗಿರಬೇಕು.

ಅವನ ಬೈಕಿನಲ್ಲೇ ರಾಮನಗರಕ್ಕೆ ಹೋದೆವು. ಅದೇ ಬೆಂಚು, ಅದೇ ಗೋಡೆ, ಅದೇ ಬರಹ. ಪುಟ್ಟಸ್ವಾಮಿ ಅದನ್ನು ಓದಿ ನನ್ನ ಮುಖ ನೋಡಿದ. ಚಿಕ್ಕ ಕೋಣೆಗೆ ನಾನೂ ಜೊತೆಗೆ ಹೋದೆ. ಅದೇ ಹಿರಿಯರು ಪೆನ್ನು ತೆಗೆದು ಕಣ್ಣು ಮುಚ್ಚಿಕೊಳ್ಳಲು ಹೇಳಿದರು. ಅವನು ಬಿಗಿಯಾಗಿ ಮುಚ್ಚಿಕೊಂಡು, ಬಲಗೈಯ ಬೆರಳನ್ನು ಸಿದ್ಧವಾಗಿ ಎತ್ತಿ ಹಿಡಿದ. ಪೆನ್ನು ಎಡಗೈಯ ಮೇಲೆ ಮಣಿಕಟ್ಟಿನಿಂದ ಹೊರಟು, ನಿಂತು ನಿಂತು, ಮೊಣಕೈ ತಲುಪಿತು. ಒಂದೊಂದು ಚುಕ್ಕೆಗೂ ನಾನು ಆ ಬೆರಳನ್ನೇ ನೋಡುತ್ತಿದ್ದೆ. ಅದು ಕದಲಲಿಲ್ಲ.

ಹಿರಿಯರು ಕ್ಯಾಪು ಹಾಕಿದರು.

ಪುಟ್ಟಸ್ವಾಮಿ ಕಣ್ಣು ಮುಚ್ಚಿಕೊಂಡೇ ಕೂತಿದ್ದ. ಹಣೆಯಲ್ಲಿ ಬೆವರು. ಸ್ವಲ್ಪ ಹೊತ್ತಿನ ಮೇಲೆ, "ಯಾವಾಗ್ ಶುರು ಮಾಡ್ತೀರಾ ಸಾರ್?" ಎಂದ.

ಹಿರಿಯರು ನನ್ನನ್ನು ನೋಡಿದರು. ಮೂವತ್ತು ವರ್ಷ ಸಾಲು ತುಂಬ ಜನಕ್ಕೆ ಕೇಳುವಂತೆ ಕೂಗಿದವನು ನಾನು. ಅವತ್ತು ಅವನ ಪಕ್ಕ ಕೂತು, ಎತ್ತಿ ಹಿಡಿದಿದ್ದ ಆ ಬೆರಳನ್ನು ನನ್ನ ಕೈಯೊಳಗೆ ತೆಗೆದುಕೊಂಡು, ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದೆ:

"ಆಯ್ತು ಕಣೋ. ಕಣ್ ಬುಡು."